84,000 ಕಿ.ಮೀ. ಓಡಿದ ಥಂಡರ್‌ಬರ್ಡ್: ಒಂದು ಮಳೆಗಾಲದ ಕೆಲಸ

ಮೇ ತಿಂಗಳಲ್ಲಿ ನನ್ನ ಥಂಡರ್‌ಬರ್ಡ್ ಬೈಕಿನಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೊರಟಿದ್ದೆವು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದ ಮೇಲೆ ಒಂದು ಚಹಾ ಅಂಗಡಿ ಹತ್ತಿರ ಗಾಡಿ ನಿಲ್ಲಿಸಿದೆ. ಹಿಂದೆ ಇನ್ನೊಂದು ಗಾಡಿಯಲ್ಲಿ ಬರುತ್ತಿದ್ದ ಗೆಳೆಯ ಹೆಲ್ಮೆಟ್ ತೆಗೆದವನೇ ಹೇಳಿದ: "ತಿರುವಿನಾಗ ನೀ ರೇಸ್ ಕೊಟ್ಟಾಗೊಮ್ಮೆ ನೀಲಿ ಹೊಗಿ ಬರಾಕತ್ತೈತಿ ನೋಡಲೇ. ಆಯಿಲ್ ವಾಸನಿ ನನ್ನ ಮೂಗಿಗೇ ಹೊಡೀತು."

ಆಗ ನನ್ನ ಬಲಗೈ ಜೋಮು ಹಿಡಿದಿತ್ತು. ಚಹಾ ಲೋಟ ಎಡಗೈಯಲ್ಲಿ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಹೆಂಡತಿ ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತಿದ್ದಳು. ಹೊರಟು ಮೂರು ಗಂಟೆಯೂ ಆಗಿರಲಿಲ್ಲ.

ಡಿಸೆಂಬರಿನಲ್ಲಿ ನಾವಿಬ್ಬರೂ ಇದೇ ಗಾಡಿಯಲ್ಲಿ ಕಛ್‌ಗೆ ಹೋಗಬೇಕು. ಹುಬ್ಬಳ್ಳಿಯಿಂದ ಭುಜ್‌ಗೆ ಹೆಚ್ಚು ಕಡಿಮೆ 1,400 ಕಿ.ಮೀ., ಅದೂ ಒಂದು ದಿಕ್ಕಿಗೆ. ಈ ಸ್ಥಿತಿಯಲ್ಲಿ ಆಗುವ ಮಾತಲ್ಲ. ಹಾಗಾಗಿ ಜೂನ್‌ನಿಂದ ಆಗಸ್ಟ್ ತನಕ, ಮಳೆಗೆ ಹೇಗೂ ದೂರ ಹೋಗುವುದಿಲ್ಲವಲ್ಲ, ಮನೆ ಹಿಂದಿನ ತಗಡಿನ ಶೆಡ್‌ನಲ್ಲಿ ಕೆಲಸ ಹಿಡಿದೆ. ಅದರ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದೇ ಹಳೆಯ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು.

ಗಾಡಿ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350, 2013ರದು. 346 ಸಿಸಿ. ಬೋರ್ (ಪಿಸ್ಟನ್ ಓಡಾಡುವ ಕೊಳವೆ) 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಅಂದರೆ ಪಿಸ್ಟನ್ ಅಗಲಕ್ಕಿಂತ ಅದು ಓಡಾಡುವ ದೂರ ಜಾಸ್ತಿ. ಅದಕ್ಕೇ ಕಡಿಮೆ ಆರ್‌ಪಿಎಂನಲ್ಲೂ ಎಳೆತ ಚೆನ್ನಾಗಿರುತ್ತದೆ. 4,000 ಆರ್‌ಪಿಎಂಗೆ 28 ನ್ಯೂಟನ್ ಮೀಟರ್ ಟಾರ್ಕ್, 20 ಲೀಟರ್ ಟ್ಯಾಂಕ್, ಐದು ಗೇರ್. ದಿನವಿಡೀ 80ರಲ್ಲಿ ಸುಮ್ನೆ ಓಡುವ ಗಾಡಿ ಇದು. ನನಗೆ ಅದಕ್ಕಿಂತ ವೇಗ ಬೇಡ. 84,000 ಕಿ.ಮೀ. ಓಡಿಸಿದ್ದೇನೆ, ಎಲ್ಲವೂ ನಾನೇ.

ಶುರುವಿನಲ್ಲೇ ಒಂದು ತೀರ್ಮಾನ ಮಾಡಿದೆ. ದೊಡ್ಡ ಬೋರ್ ಕಿಟ್ ಬೇಡ, ಸದ್ದು ಮಾಡುವ ಸೈಲೆನ್ಸರ್ ಬೇಡ. ದೂರ ಹೋಗುವವನಿಗೆ ಬೇಕಾದದ್ದು ಸಂಜೆ ಆರಕ್ಕೆ ಇಳಿದಾಗ ಇನ್ನೂ ಎರಡು ಗಂಟೆ ಓಡಿಸಬಹುದು ಅನ್ನುವ ಮೈ. ಸದ್ದು ಆ ಮೈಯನ್ನು ತಿನ್ನುತ್ತದೆ, ಬಿಸಿಯೂ ತಿನ್ನುತ್ತದೆ. ಎಂಜಿನ್ ಮೊದಲಿನ ಹಾಗೆ ಆಗಲಿ, ಸಾಕು.

ಬಿಚ್ಚುವ ಮೊದಲು

ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆಯಿಲ್ ಯಾವ ದಾರಿಯಿಂದ ಒಳಗೆ ಹೋಗುತ್ತಿದೆ ಅನ್ನುವುದು ಹೊಗೆ ಬರುವ ಹೊತ್ತಿನಿಂದ ಗೊತ್ತಾಗುತ್ತದೆ. ಘಟ್ಟ ಇಳಿಯುವಾಗ ರೇಸ್ ಬಿಟ್ಟು ಗೇರಿನಲ್ಲೇ ಇಳಿಯುತ್ತೇವೆ. ಕಾರ್ಬೊರೇಟರ್ ಬಾಯಿ ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಗಾಳಿ ಎಳೆಯುತ್ತಲೇ ಇರುತ್ತದೆ. ಆ ಎಳೆತಕ್ಕೆ ಸವೆದ ವಾಲ್ವ್ ಗೈಡ್ (ವಾಲ್ವ್‌ನ ಕಡ್ಡಿ ಓಡಾಡುವ ಕೊಳವೆ) ಮತ್ತು ಗಟ್ಟಿಯಾದ ಸೀಲಿನ ಸಂದಿಯಿಂದ ಆಯಿಲ್ ಕೆಳಗೆ ಜಾರುತ್ತದೆ. ಮತ್ತೆ ರೇಸ್ ಕೊಟ್ಟಾಗ ಅದೇ ಉರಿದು ನೀಲಿ ಹೊಗೆ. ಗೆಳೆಯ ಕಂಡದ್ದು ಇದು.

ಪಿಸ್ಟನ್ ಸುತ್ತ ಕೂತು ಸಂದಿ ಮುಚ್ಚುವ ರಿಂಗ್ ಸವೆದಿದ್ದರೆ ಕಥೆ ಬೇರೆ. ಏರು ಹತ್ತುವಾಗ, ಭಾರ ಎಳೆಯುವಾಗ ಹೊಗೆ ಬರುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಆಯಿಲ್ ಕೂರುತ್ತದೆ. ನನ್ನದರಲ್ಲಿ ಆ ಪೈಪ್ ಬಿಚ್ಚಿದರೆ ಒಳಗೆ ಆಯಿಲ್ ಇತ್ತು. 1,000 ಕಿ.ಮೀ.ಗೆ ಸುಮಾರು 300 ಮಿ.ಲೀ. ಆಯಿಲ್ ಹೋಗುತ್ತಿತ್ತು. ಅಂದರೆ ಎರಡೂ ಕಡೆ ತೊಂದರೆ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡೋಣ ಅಂದುಕೊಂಡೆ. ಆದರೆ ಈ ಎಂಜಿನ್‌ನಲ್ಲಿ ಸ್ಟಾರ್ಟ್ ಮಾಡುವಾಗ ಕಂಪ್ರೆಷನ್ ತಾನೇ ಸ್ವಲ್ಪ ಬಿಟ್ಟುಕೊಡುವ ಡಿಕಂಪ್ರೆಸರ್ ಕ್ಯಾಮ್‌ನಲ್ಲೇ ಇದೆ. ಹಾಗಾಗಿ ಗೇಜಿನಲ್ಲಿ ಕಾಣುವ ಅಂಕಿ ಕಡಿಮೆಯೇ ಇರುತ್ತದೆ. ಅದನ್ನು ನಂಬಿ ಹೆದರಬೇಕಿಲ್ಲ. ಅದರ ಬದಲು ಗಾಳಿ ಪರೀಕ್ಷೆ ಮಾಡಿದೆ. ಇದಕ್ಕೆ ಎರಡು ಸ್ಪಾರ್ಕ್ ಪ್ಲಗ್. ಒಂದನ್ನು ಹಾಗೇ ಬಿಟ್ಟು ಇನ್ನೊಂದರ ಜಾಗಕ್ಕೆ ಕಂಪ್ರೆಸರ್ ಪೈಪಿನ ಜೋಡಣೆ ಹಾಕಿದೆ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುತ್ತತುದಿಯಲ್ಲಿ ಇರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಐದನೇ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಿಬಿಡುತ್ತದೆ. ಆಮೇಲೆ ಕಿವಿ ಕೊಟ್ಟು ಕೇಳುವುದು. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬೊರೇಟರಿನಲ್ಲಿ ಅಂದರೆ ಇನ್ಲೆಟ್. ಆಯಿಲ್ ಹಾಕುವ ಮುಚ್ಚಳದಲ್ಲಿ ಅಂದರೆ ರಿಂಗ್ ಮತ್ತು ಬೋರ್. ನನ್ನದರಲ್ಲಿ ಆಯಿಲ್ ಮುಚ್ಚಳದ ತೂತಿನಿಂದ ಕೈಗೆ ತಾಗುವಷ್ಟು ಗಾಳಿ ಬರುತ್ತಿತ್ತು. ಸೈಲೆನ್ಸರಿನಲ್ಲಿ ಸಣ್ಣ ಸದ್ದು.

ಏರ್ ಫಿಲ್ಟರ್ ಡಬ್ಬಿ ತೆಗೆದಾಗ ಕಾರಣವೂ ಸಿಕ್ಕಿತು. ಫಿಲ್ಟರ್ ಅಂಚಿನ ರಬ್ಬರ್ ಒಂದು ಮೂಲೆಯಲ್ಲಿ ಮಡಚಿ ಕೂತಿತ್ತು. ಹಿಂದಿನ ಸಲ ಫಿಲ್ಟರ್ ಹಾಕಿದವನು ನಾನೇ. ಆ ಸಂದಿಯ ಆಚೆ, ಶುದ್ಧ ಗಾಳಿ ಹೋಗಬೇಕಾದ ಕಡೆ, ಕಪ್ಪು ಧೂಳಿನ ಗೆರೆ. ಗದಗ, ನವಲಗುಂದ ಕಡೆ ಎರೆ ಮಣ್ಣಿನ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಆ ಧೂಳು ಎಲ್ಲಾ ಬೋರಿಗೆ ಹೋಗಿ ಉಪ್ಪುಕಾಗದದ ಕೆಲಸ ಮಾಡಿದೆ. ಫಿಲ್ಟರ್ ಹಾಕಿದ ಮೇಲೆ ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿದ್ದರೆ ಗೊತ್ತಾಗುತ್ತಿತ್ತು. ಈಗ ಪ್ರತಿ ಸಲ ಅದನ್ನು ಮಾಡುತ್ತೇನೆ.

ಬೋರ್ ಮತ್ತು ಹೆಡ್

ಟ್ಯಾಂಕ್ ಇಳಿಸಿ, ಸೈಲೆನ್ಸರ್ ಬಿಚ್ಚಿ, ರಾಕರ್ ಕವರ್ ತೆಗೆದೆ. ಇಲ್ಲಿ ನೆನಪಿಡಬೇಕಾದದ್ದು: ವಾಲ್ವ್ ತೆರೆಯಲು ತಳ್ಳುವ ಎರಡು ಪುಶ್ ರಾಡ್‌ಗಳನ್ನೂ, ಅವನ್ನು ಕೆಳಗಿನಿಂದ ಎತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳನ್ನೂ ಅದಲುಬದಲು ಮಾಡಬಾರದು. ಒಂದೊಂದೂ ತನ್ನ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ. ಹಳೆಯ ಉಪ್ಪಿನಕಾಯಿ ಬಾಟಲಿ ಎರಡು ತಗೊಂಡು ಆಯಿಲ್ ತುಂಬಿ ಟ್ಯಾಪೆಟ್‌ಗಳನ್ನು ನೆಟ್ಟಗೆ ಮುಳುಗಿಸಿಟ್ಟೆ. ಬಾಟಲಿ ಮೇಲೆ 'ಇನ್ಲೆಟ್', 'ಎಕ್ಸಾಸ್ಟ್' ಅಂತ ಚೀಟಿ. ವಾಲ್ವ್‌ಗಳಿರುವ ಮೇಲ್ಭಾಗ, ಅಂದರೆ ಹೆಡ್‌ನ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದೆ. ಒಂದೇ ಕಡೆಯಿಂದ ಪೂರ್ತಿ ಬಿಚ್ಚುತ್ತಾ ಹೋದರೆ ಹೆಡ್ ಸೊಟ್ಟಗಾಗುತ್ತದೆ.

ಬ್ಲಾಕ್ (ಬೋರ್ ಇರುವ ಭಾಗ) ತಗೊಂಡು ಬೋರಿಂಗ್ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ನಲವತ್ತು ವರ್ಷದಿಂದ ಇದನ್ನೇ ಮಾಡುತ್ತಿರುವವರು. ಬೋರ್ ಗೇಜ್ ಇಳಿಸಿ ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಅಳೆದರು. ಮೇಲೆ, ಗಾಡಿಯ ಹಿಂದು-ಮುಂದಿನ ದಿಕ್ಕಿಗೆ 70.13 ಮಿ.ಮೀ. ಅಡ್ಡಕ್ಕೆ 70.08. ಕೆಳಗೆ 70.03. ಮೇಲೆ ಜಾಸ್ತಿ ಸವೆಯುವುದು ಸಹಜ. ಪಿಸ್ಟನ್ ಅಲ್ಲಿ ಒಂದು ಕ್ಷಣ ನಿಂತು ತಿರುಗುತ್ತದೆ, ಆಯಿಲ್ ಪದರ ತೆಳುವಾಗಿರುತ್ತದೆ, ಉರಿಯುವ ಒತ್ತಡವೂ ಅಲ್ಲೇ ಜಾಸ್ತಿ. ಹಿಂದು-ಮುಂದಿನ ದಿಕ್ಕಿಗೆ ಜಾಸ್ತಿ ಯಾಕೆ ಅಂದರೆ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವಾಗ ಪಿಸ್ಟನ್ ಆ ಗೋಡೆಗೇ ಒರಗುತ್ತದೆ.

"ಹೊಸಾ ರಿಂಗ್ ಅಷ್ಟ ಹಾಕಿದ್ರ ಆಗೂದಿಲ್ಲೇನ್ರೀ ಕಾಕಾ?" ಅಂತ ಕೇಳಿದೆ.

"ದುಂಡಗಿನ ರಿಂಗ್ ಸೊಟ್ಟ ಬೋರಿನಾಗ ಹೆಂಗ ಕುಂದರತೈತ್ರೀ? ಪಾಯಿಂಟ್ ಐವತ್ತರ ಪಿಸ್ಟನ್ ತಗೊಂಡ್ ಬರ್ರಿ. ಪಿಸ್ಟನ್ ಕೈಯಾಗ ಬರೂತನಾ ನಾ ಮಷೀನ್ ಚಾಲೂ ಮಾಡೂದಿಲ್ಲ."

ಅವರು ಹೇಳಿದ್ದು ಬಹಳ ಮುಖ್ಯ. ಡಬ್ಬಿ ಮೇಲಿನ ಅಂಕಿ ನೋಡಿ ಬೋರ್ ಮಾಡಬಾರದು. ಕೈಯಲ್ಲಿರುವ ಪಿಸ್ಟನ್ನಿನ ಸ್ಕರ್ಟ್ (ಕೆಳಭಾಗದ ಗೋಡೆ) ಮೈಕ್ರೋಮೀಟರಿನಿಂದ ಅಳೆದು, ಅದಕ್ಕೆ ಬೇಕಾದ ಸಂದಿ ಕೂಡಿಸಿ, ಆ ಅಳತೆಗೆ ಬೋರ್ ಮಾಡಬೇಕು. ಸಂದಿ ಕಡಿಮೆಯಾದರೆ ಬಿಸಿಗೆ ಪಿಸ್ಟನ್ ಹಿಗ್ಗಿ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ತಣ್ಣಗಿರುವಾಗ ಲೊಟಲೊಟ ಸದ್ದು. 0.50 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ತಂದುಕೊಟ್ಟೆ. ಕೊನೆಗೆ ಹೋನಿಂಗ್ ಮಾಡಿ ಒಳಗೋಡೆಗೆ ಅಡ್ಡಡ್ಡ ಸಣ್ಣ ಗೆರೆ ಎಳೆದರು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಲೆಕ್ಕ ಹಾಕಿದರೆ 346 ಇದ್ದದ್ದು 351 ಸಿಸಿ ಆಯಿತು. ಓಡಿಸುವಾಗ ಆ 5 ಸಿಸಿ ಗೊತ್ತಾಗುವುದಿಲ್ಲ.

ಬ್ಲಾಕ್ ಮನೆಗೆ ತಂದ ಮೇಲೆ ಅದನ್ನು ತೊಳೆಯುವ ಕೆಲಸಕ್ಕೆ ಅರ್ಧ ದಿನ ಕೊಟ್ಟೆ. ಇದನ್ನು ಅವಸರದಲ್ಲಿ ಮಾಡುವವರೇ ಜಾಸ್ತಿ. ಪೆಟ್ರೋಲಿನಲ್ಲಿ ಒರೆಸಿದರೆ ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳೊಳಗೇ ಉಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ನೈಲಾನ್ ಬ್ರಷ್. ತೊಳೆದು, ಒಣಗಿಸಿ, ಹೊಸ ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ತೊಳೆದೆ. ನಾಲ್ಕನೇ ಸಲಕ್ಕೆ ಬಟ್ಟೆ ಬಿಳಿಯಾಗೇ ಉಳಿಯಿತು. ಕೂಡಲೇ ಆಯಿಲ್ ಸವರಿಟ್ಟೆ. ಮಳೆಗಾಲದ ಗಾಳಿಗೆ ತೊಳೆದ ಕಬ್ಬಿಣ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ರಿಂಗ್ ಹಾಕುವ ಮುಂಚೆ ಒಂದೊಂದನ್ನೂ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ, ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ನೋಡಿದೆ. ಮೇಲಿನ ರಿಂಗ್ 0.30 ಮಿ.ಮೀ. ಹಳೆಯ ರಿಂಗನ್ನು ಹಳೆಯ ಬೋರಿನಲ್ಲೇ ಅಳೆದಿಟ್ಟುಕೊಂಡಿದ್ದೆ, ಅದು 0.90 ಬಂದಿತ್ತು. ಆಯಿಲ್ ಎಲ್ಲಿಗೆ ಹೋಗುತ್ತಿತ್ತು ಅಂತ ಆ ಅಂಕಿಯೇ ಹೇಳುತ್ತದೆ. ರಿಂಗ್‌ಗಳ ಬಾಯಿ ಒಂದರ ಕೆಳಗೆ ಒಂದು ಬರದ ಹಾಗೆ ಸುತ್ತ ಹಂಚಿ ಕೂರಿಸಬೇಕು. ಗುರುತು ಇರುವ ಮುಖ ಮೇಲಕ್ಕೆ.

ಹೆಡ್‌ಗೆ ಹೊಸ ಗೈಡ್, ಹೊಸ ಸೀಲ್ ಹಾಕಿಸಿದೆ. ಗೈಡ್ ಬದಲಿಸಿದರೆ ವಾಲ್ವ್ ಸೀಟನ್ನೂ ಮತ್ತೆ ಕಟ್ ಮಾಡಬೇಕಾಗುತ್ತದೆ, ಅದನ್ನೂ ಲೇತ್‌ನವರೇ ಮಾಡಿಕೊಟ್ಟರು. ವಾಲ್ವ್ ಪೇಸ್ಟ್ ಹಚ್ಚಿ ತಿಕ್ಕುವ ಕೆಲಸ ನಾನು ಮನೆಯಲ್ಲೇ ಮಾಡಿದೆ. ಆಮೇಲೆ ಸ್ಪ್ರಿಂಗ್ ಹಾಕಿ, ಪೋರ್ಟ್ ಒಳಗೆ ಪೆಟ್ರೋಲ್ ಸುರಿದು ಇಪ್ಪತ್ತು ನಿಮಿಷ ಬಿಟ್ಟೆ. ಒಂದು ಹನಿಯೂ ಇಳಿಯಲಿಲ್ಲ. ಕಾರ್ಬೊರೇಟರ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಜೆಟ್‌ಗಳನ್ನು ತೊಳೆದೆ, ಡಯಾಫ್ರಾಂ ಬೆಳಕಿಗೆ ಹಿಡಿದು ತೂತಿದೆಯಾ ನೋಡಿದೆ, ಸರಿ ಇತ್ತು.

ಮೊದಲ ಸ್ಟಾರ್ಟ್

ಇಲ್ಲಿ ಒಂದು ತಪ್ಪು ಮಾಡಿದೆ. ಬರೆದರೆ ಇನ್ನೊಬ್ಬರ ಎಂಜಿನ್ ಉಳಿಯಬಹುದು.

ಹೊಸ ಆಯಿಲ್ ಫಿಲ್ಟರ್ ಹಾಕಿ, 15ಡಬ್ಲ್ಯು-50 ಆಯಿಲ್ ತುಂಬಿದೆ. ಪ್ಲಗ್‌ಗಳನ್ನು ತೆಗೆದಿಟ್ಟು, ಆಯಿಲ್ ಮೇಲೆ ಏರಲಿ ಅಂತ ಸೆಲ್ಫ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ. ತಕ್ಷಣ ಹಿಡಿಯಿತು. ಮೇಲಿನಿಂದ ಟಕ್ ಟಕ್ ಸದ್ದು. ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಆಯಿಲ್ ತುಂಬುವ ತನಕ ಸ್ವಲ್ಪ ಹೊತ್ತು ಹೀಗೆ ಬಡಿಯುತ್ತವೆ, ಆಮೇಲೆ ಸುಮ್ಮನಾಗುತ್ತವೆ. ನಾನು ಕಾದೆ. ಅರ್ಧ ನಿಮಿಷ ಆಯಿತು. ಸದ್ದು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಕೂಡಲೇ ಕಿಲ್ ಸ್ವಿಚ್ ಒತ್ತಿದೆ.

ಫಿಲ್ಟರ್ ಕವರ್ ಮತ್ತೆ ಬಿಚ್ಚಿದೆ. ಅಲ್ಲಿ ಕೂರಬೇಕಿದ್ದ ಸಣ್ಣ ಓ-ರಿಂಗ್ ಇರಲಿಲ್ಲ. ಹುಡುಕಿದರೆ ಹಳೆಯ ಫಿಲ್ಟರಿಗೆ ಅಂಟಿಕೊಂಡು ಕಸದ ಡಬ್ಬಿಯಲ್ಲಿತ್ತು. ಆ ಸಣ್ಣ ರಬ್ಬರ್ ಇಲ್ಲದಿದ್ದರೆ ಪಂಪಿನ ಒತ್ತಡ ಅಲ್ಲೇ ಸೋರಿಹೋಗುತ್ತದೆ, ಮೇಲಕ್ಕೆ ಆಯಿಲ್ ಏರುವುದಿಲ್ಲ. ಹೊಸ ಓ-ರಿಂಗ್ ಹಾಕಿ ಮತ್ತೆ ಸ್ಟಾರ್ಟ್ ಮಾಡಿದೆ. ಹತ್ತು ಎಣಿಸುವಷ್ಟರಲ್ಲಿ ಟ್ಯಾಪೆಟ್ ಸುಮ್ಮನಾಯಿತು. ಐಡಲ್‌ನಲ್ಲಿ ಆ ಹಳೆಯ ಡುಗ್ ಡುಗ್ ಕೇಳಿದಾಗ ನಿಜವಾಗಿಯೂ ಕಣ್ಣು ತುಂಬಿ ಬಂತು. ಈಗ ಫಿಲ್ಟರ್ ಬದಲಿಸುವ ದಿನ ಹಳೆಯ ಓ-ರಿಂಗ್‌ಗಳನ್ನು ಎಣಿಸಿ ಒಂದು ತಟ್ಟೆಯಲ್ಲಿ ಇಡುತ್ತೇನೆ. ಹೊಸವು ಅಷ್ಟೇ ಸಂಖ್ಯೆಯಲ್ಲಿ ಒಳಗೆ ಹೋಗಬೇಕು.

ಗೇರ್ ಬಾಕ್ಸ್ ಅಲ್ಲ, ರಬ್ಬರ್

ಎರಡು ವರ್ಷದಿಂದ ಗೇರ್ ಬದಲಿಸುವಾಗ ಕಟ್ ಅಂತ ಒಂದು ಏಟು ಬರುತ್ತಿತ್ತು. ನಿಧಾನಕ್ಕೆ ಹೋಗುವಾಗ ರೇಸ್ ಬಿಟ್ಟು ಹಿಡಿದರೆ ಗಾಡಿ ಜಗ್ಗುತ್ತಿತ್ತು. ಗೇರ್ ಬಾಕ್ಸ್ ಹೋಗಿದೆ ಅಂದುಕೊಂಡಿದ್ದೆ. ಎಂಜಿನ್ ಹೇಗೂ ಬಿಚ್ಚಿದ್ದೇನಲ್ಲ, ಅದನ್ನೂ ಬಿಚ್ಚಿಬಿಡೋಣ ಅಂತ ಪರಿಚಯದ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು ಅಂದರು: "ಸರ, ಗೇರ್ ಬಾಕ್ಸಿಗೆ ಕೈ ಹಚ್ಚಬ್ಯಾಡ್ರಿ. ಮೊದ್ಲ ಹಿಂದಿನ ಗಾಲಿ ಬಿಚ್ಚಿ ನೋಡ್ರಿ."

ಹಿಂದಿನ ಗಾಲಿಗೂ ಚೈನ್ ಸ್ಪ್ರಾಕೆಟ್ಟಿಗೂ ನಡುವೆ ರಬ್ಬರ್ ತುಂಡುಗಳಿರುತ್ತವೆ. ಎಂಜಿನ್ನಿನ ಒಂದೊಂದು ಹೊಡೆತವನ್ನೂ ಅವು ಮೆತ್ತಗೆ ಮಾಡಿ ಗಾಲಿಗೆ ಕೊಡುತ್ತವೆ. ನನ್ನವು ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಕೈಯಿಂದಲೇ ಸ್ಪ್ರಾಕೆಟ್ ಹಿಂದೆ ಮುಂದೆ ಅಲ್ಲಾಡಿಸಬಹುದಿತ್ತು. ಹೊಸ ರಬ್ಬರ್ ಸೆಟ್ ಹಾಕಿದೆ. ಏಟು ಹೋಯಿತು, ಜಗ್ಗುವುದು ಹೋಯಿತು. ಕೆಲವು ನೂರು ರೂಪಾಯಿಯ ಕೆಲಸ. ಗೇರ್ ಬಾಕ್ಸ್ ಬಿಚ್ಚಿದ್ದರೆ ತಿಂಗಳು ಹೋಗುತ್ತಿತ್ತು.

ಸದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ. ಇದು ಮನಸ್ಸಿಗೆ ಹೊಕ್ಕ ಮೇಲೆ ಮೈನೋವುಗಳನ್ನೂ ಹಾಗೇ ನೋಡಬೇಕು ಅನಿಸಿತು. ನೋಯುವ ಜಾಗಕ್ಕೆ ಮೆತ್ತೆ ಕಟ್ಟುವುದನ್ನು ಬಿಟ್ಟು, ನೋವು ಎಲ್ಲಿಂದ ಹೊರಡುತ್ತಿದೆ ಅಂತ ಹುಡುಕತೊಡಗಿದೆ.

ಸೀಟು

ಅಂಗೈ ಜೋಮಿಗೆ ಮೊದಲು ದಪ್ಪ ಗ್ರಿಪ್ ಹಾಕಿದ್ದೆ, ಜೆಲ್ ಗ್ಲೋವ್ಸ್ ಹಾಕಿದ್ದೆ. ಏನೂ ಆಗಿರಲಿಲ್ಲ. ಈ ಸಲ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಹಿಂದಿನದು ಓಡುವ ಎತ್ತರಕ್ಕೆ ಬರುವಂತೆ ಹಲಗೆಗಳನ್ನಿಟ್ಟು ಹೊಂದಿಸಿದೆ. ನಾನು ಕೂರುವ ಜಾಗದ ಮೇಲೆ ಪಟ್ಟಿ ಇಟ್ಟು ಫೋನಿನ ಲೆವೆಲ್‌ನಿಂದ ನೋಡಿದೆ. ಸೀಟು 6 ಡಿಗ್ರಿ ಮುಂದಕ್ಕೆ ಇಳಿಜಾರಾಗಿತ್ತು. ವರ್ಷಗಟ್ಟಲೆ ಕೂತು ಮುಂದಿನ ಸ್ಪಂಜು ಕುಗ್ಗಿಹೋಗಿದೆ. ಹಾಗಾಗಿ ನಾನು ದಿನವಿಡೀ ಟ್ಯಾಂಕಿನ ಕಡೆ ಜಾರುತ್ತಿದ್ದೆ. ಜಾರದಂತೆ ತಡೆಯುತ್ತಿದ್ದದ್ದು ನನ್ನ ಅಂಗೈಗಳು. ಜೋಮು ಬಂದದ್ದು ಅದಕ್ಕೆ.

ಇನ್ನೊಂದು ಅಳತೆಯನ್ನೂ ತಗೊಂಡೆ. ಗಟ್ಟಿ ಬೆಂಚಿನ ಮೇಲೆ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಇಟ್ಟು, ಗಾಡಿ ಮೇಲೆ ಕೂತಂತೆ ಸ್ವಲ್ಪ ಬಗ್ಗಿ ಎರಡು ನಿಮಿಷ ಕೂರಬೇಕು. ಎದ್ದರೆ ಕೂರುವ ಮೂಳೆಗಳ ಎರಡು ತಗ್ಗು ರಟ್ಟಿನ ಮೇಲೆ ಮೂಡಿರುತ್ತದೆ. ನನ್ನದು ನಡುವಿನಿಂದ ನಡುವಿಗೆ 11.5 ಸೆಂ.ಮೀ. ಮುಂದೆ ಜಾರಿದಾಗ ನಾನು ಕೂರುತ್ತಿದ್ದ ಕಡೆ ಸೀಟು ಕಿರಿದಾಗುತ್ತದೆ. ಮೂಳೆಗಳು ಅಂಚಿನ ಮೇಲೆ ಬರುತ್ತಿದ್ದವು.

ಕುಶನ್ ಅಂಗಡಿಗೆ ಈ ಅಳತೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋದೆ. ಅಂಗಡಿಯವರು ಮೆತ್ತನೆ ಸ್ಪಂಜು ಹಾಕಿದರು, ಒತ್ತಿ ನೋಡಿದರೆ ಬಹಳ ಹಿತ. ಧಾರವಾಡಕ್ಕೆ ಹೋಗಿ ಬಂದೆ, 40 ಕಿ.ಮೀ. ಮುಗಿಯುವಷ್ಟರಲ್ಲಿ ಕೆಳಗಿನ ಫೈಬರ್ ತಳ ತಾಗತೊಡಗಿತು. ಮೆತ್ತನೆ ಸ್ಪಂಜು ಭಾರಕ್ಕೆ ಪೂರ್ತಿ ಒತ್ತಿಹೋಗುತ್ತದೆ, ಆಮೇಲೆ ಅದು ಇದ್ದೂ ಇಲ್ಲದಂತೆ. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದೆ. ಕೆಳಗೆ ಗಟ್ಟಿಯಾದ ರೀಬಾಂಡ್ ಫೋಮ್, ಮುಂದೆ 20 ಮಿ.ಮೀ., ಹಿಂದಕ್ಕೆ ಹೋಗುತ್ತಾ ತೆಳು. ಅದರ ಮೇಲೆ 15 ಮಿ.ಮೀ. ಮೆತ್ತನೆ ಪದರ. ತೊಡೆ ಇಳಿಯುವ ಅಂಚುಗಳನ್ನು ಓರೆಯಾಗಿ ಕತ್ತರಿಸಿದ್ದರಿಂದ ಕಾಲು ನೆಲಕ್ಕೆ ಸಲೀಸಾಗಿ ತಾಗುತ್ತದೆ. ಈಗ ಇಳಿಜಾರು 2 ಡಿಗ್ರಿ. ಜೆಲ್ ಹಾಕಿಸಲಿಲ್ಲ. ನಮ್ಮ ಬಿಸಿಲಿಗೆ ಅದು ಕಾದು ಕೂರಲಾಗುವುದಿಲ್ಲ. ರೆಕ್ಸಿನ್ ಮೇಲೆ ಜಾಲರಿ ಬಟ್ಟೆಯ ಕವರ್ ಹಾಕಿದೆ, ಬೆವರು ನಿಲ್ಲುವುದಿಲ್ಲ.

ಅಂಗೈ ಜೋಮಿನ ಮುಕ್ಕಾಲು ಪಾಲು ಸೀಟಿನಿಂದಲೇ ಹೋಯಿತು. ಉಳಿದದ್ದು ನಿಜವಾದ ನಡುಕ. ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳಿಗೆ ಪಾನಾ ಹಾಕಿ ನೋಡಿದರೆ ಮುಂದಿನ ಎರಡೂ ಬೋಲ್ಟ್‌ಗಳು ತಲಾ ಕಾಲು ಸುತ್ತು ತಿರುಗಿದವು. ಬಿಗಿ ಮಾಡಿದೆ. ಹ್ಯಾಂಡಲ್ ತುದಿಗೆ ಭಾರದ ಬಾರ್ ಎಂಡ್ ಹಾಕಿದೆ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಮಾಡಿದೆ. ಹ್ಯಾಂಡಲ್ ಅನ್ನೂ ಒಂದಿಷ್ಟು ಹಿಂದಕ್ಕೆ ತಿರುಗಿಸಿದೆ. ಹೀಗೆ ಮಾಡಿದವರು ಒಂದು ಪರೀಕ್ಷೆ ಮಾಡಲೇಬೇಕು. ಗಾಡಿ ಐಡಲ್‌ನಲ್ಲಿ ಇಟ್ಟು ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಘಟ್ಟದ ತಿರುವಿನಲ್ಲಿ ತಾನಾಗೇ ರೇಸ್ ಏರಿದರೆ ಏನಾಗಬಹುದು ಅಂತ ಹೇಳಬೇಕಿಲ್ಲ ಅಲ್ವಾ.

ಹಿಂದೆ ಕೂರುವವರು

"ರೀ, ನನಗೆ ನೋಯೋದು ಸೊಂಟ ಅಲ್ಲ, ಮೊಣಕಾಲು" ಅಂತ ಹೆಂಡತಿ ಹೇಳುತ್ತಲೇ ಇದ್ದಳು. ನಾನು ಬ್ಯಾಕ್‌ರೆಸ್ಟ್ ಹಾಕಿಸಿ ಸುಮ್ಮನಾಗಿದ್ದೆ. ಅದು ತಪ್ಪು. ಈ ಸಲ ಅವಳನ್ನು ಕೂರಿಸಿ ಪಕ್ಕದಿಂದ ಫೋಟೋ ತೆಗೆದೆ. ಮೊಣಕಾಲು ಜಾಸ್ತಿ ಮಡಚಿಕೊಂಡಿತ್ತು. ಥಂಡರ್‌ಬರ್ಡ್‌ನಲ್ಲಿ ಹಿಂದಿನ ಸೀಟು ಬೇರೆಯೇ ಇರುವುದರಿಂದ ಅದನ್ನಷ್ಟೇ 25 ಮಿ.ಮೀ. ಎತ್ತರಿಸಿದೆವು. ಮಡಿಕೆ ಸಡಿಲವಾಯಿತು. ಜೊತೆಗೆ ಬ್ರೇಕ್ ಹಾಕಿದಾಗ ಅವಳೂ ಮುಂದೆ ಜಾರಿ, ಮೊಣಕಾಲಿನಿಂದ ನನ್ನನ್ನು ಒತ್ತಿ ತಡೆದುಕೊಳ್ಳುತ್ತಿದ್ದಳು. ಆ ಸೀಟಿನ ಮುಂಭಾಗಕ್ಕೂ ಸಣ್ಣ ಏರು ಕೊಟ್ಟದ್ದರಿಂದ ಅದು ನಿಂತಿತು.

ಶಾಕ್, ಫೋರ್ಕ್, ಗಾಜು

ರಾತ್ರಿ ಎದುರಿಗೆ ಬರುವವರು ನನಗೆ ಡಿಪ್ ಮಾಡಿ ಅಂತ ಲೈಟ್ ಹೊಡೆಯುತ್ತಿದ್ದರು. ನಾನು ಡಿಪ್‌ನಲ್ಲೇ ಇರುತ್ತಿದ್ದೆ. ಇದರ ಮೂಲ ಹಿಂದಿನ ಶಾಕ್‌ನಲ್ಲಿತ್ತು. ಇಬ್ಬರು, ಎರಡು ಬ್ಯಾಗು ಹೇರಿ ಅಳೆದೆ. 80 ಮಿ.ಮೀ. ಓಡಾಟದಲ್ಲಿ 41 ಮಿ.ಮೀ. ಕೂತೇ ಹೋಗಿತ್ತು. ಹಿಂದೆ ಕುಸಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ. ಮೂರನೇ ಒಂದು ಭಾಗದ ಸುತ್ತಮುತ್ತ ಕೂತರೆ ಸರಿ. ಪ್ರಿಲೋಡ್, ಅಂದರೆ ಶಾಕ್ ಸ್ಪ್ರಿಂಗಿನ ಬಿಗಿ, ಎರಡು ಹಂತ ಏರಿಸಿದಾಗ 30ಕ್ಕೆ ಬಂತು. ಬೆನ್ನಿಗೆ ಬೀಳುತ್ತಿದ್ದ ಏಟೂ ಕಡಿಮೆಯಾಯಿತು, ಎದುರಿನವರ ಕಣ್ಣಿಗೂ ಸಮಾಧಾನ. ಆಮೇಲೆ ಗೋಡೆಗೆ ಗುರುತು ಹಾಕಿ ಹೆಡ್‌ಲೈಟ್ ಹೊಂದಿಸಿದೆ.

ಫೋರ್ಕ್ (ಮುಂದಿನ ಶಾಕ್) ಆಯಿಲ್ ಬೂದು ನೀರಿನಂತಾಗಿತ್ತು, ಬದಲಿಸಿದೆ. ಎರಡು ಕಾಲಿನಲ್ಲೂ ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ಆಯಿಲ್ ಮಟ್ಟ ಸಮ ಮಾಡಿದೆ. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ನೆಟ್ಟಗಿನ ಜಾಗದಲ್ಲಿ ಹಲ್ಲು ಕಚ್ಚಿದಂತೆ ಹಿಡಿಯುತ್ತಿತ್ತು, ಟೇಪರ್ ರೋಲರ್ ಬೇರಿಂಗ್ ಹಾಕಿಸಿದೆ.

ವಿಂಡ್‌ಶೀಲ್ಡ್ ವಿಷಯದಲ್ಲಿ ಎತ್ತರ ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಹಾಗಲ್ಲ. ನನ್ನ ಗಾಜಿನ ಮೇಲಂಚು ಸರಿಯಾಗಿ ಕಣ್ಣಿನ ಮುಂದೆ ಬರುತ್ತಿತ್ತು. ಮಳೆಯಲ್ಲಿ, ರಾತ್ರಿಯಲ್ಲಿ ಏನೂ ಕಾಣುವುದಿಲ್ಲ. ಹೆಲ್ಮೆಟ್ ಬೇರೆ ಅಲ್ಲಾಡುತ್ತಿತ್ತು. ಗಾಜಿನ ಅಂಚಿಗೂ ಹೆಲ್ಮೆಟ್ಟಿಗೂ ಉಣ್ಣೆ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ ಓಡಿಸಿದೆ, ಗೆಳೆಯ ಪಕ್ಕದ ಗಾಡಿಯಲ್ಲಿ ಹಿಂದೆ ಕೂತು ವಿಡಿಯೋ ಮಾಡಿದ. ದಾರಗಳು ಹೆಲ್ಮೆಟ್ ಮುಂದೆ ಸುಳಿಯಾಗಿ ಸುತ್ತುತ್ತಿದ್ದವು. ಪಾಲಿಕಾರ್ಬೊನೇಟ್ ಆದ್ದರಿಂದ ಸಣ್ಣ ಹಲ್ಲಿನ ಗರಗಸದಿಂದ 5 ಸೆಂ.ಮೀ. ಕತ್ತರಿಸಿ, ಅಂಚು ಉಜ್ಜಿದೆ. ಈಗ ಮೇಲಂಚು ಮೂಗಿನ ಮಟ್ಟಕ್ಕಿದೆ, ನೋಟ ಅದರ ಮೇಲಿಂದ ಹೋಗುತ್ತದೆ. ಎದೆಗೆ ಗಾಳಿ ಇಲ್ಲ, ಹೆಲ್ಮೆಟ್ಟಿಗೆ ಸಮನಾದ ಗಾಳಿ.

ಚಾರ್ಜರ್‌ಗೆ ಬ್ಯಾಟರಿಯಿಂದ ಫ್ಯೂಸ್, ರಿಲೇ ಹಾಕಿ ವೈರ್ ಎಳೆದೆ. ಕಡ್ಡಿ ಚಕ್ರ, ಟ್ಯೂಬ್ ಟಯರ್ ಆದ್ದರಿಂದ ಎರಡು ಟ್ಯೂಬು, ಟಯರ್ ಬಿಚ್ಚುವ ಲಿವರ್, ಕೈಪಂಪು ಪಕ್ಕದ ಪೆಟ್ಟಿಗೆಯಲ್ಲಿ ಕಾಯಂ.

ಓಡಿಸಿ ನೋಡಿದ್ದು

ಮೊದಲ 500 ಕಿ.ಮೀ. 55 ದಾಟಲಿಲ್ಲ. ಆದರೆ ಒಂದೇ ವೇಗದಲ್ಲೂ ಓಡಿಸಲಿಲ್ಲ. ಏರಿಸಿ ಇಳಿಸಿ ಓಡಿಸಿದರೇ ರಿಂಗ್ ಚೆನ್ನಾಗಿ ಕೂರುವುದು. ದೊಡ್ಡ ಗೇರಿನಲ್ಲಿ ಒದ್ದಾಡಿಸಲೂ ಇಲ್ಲ. ನಂತರ ಆಯಿಲ್ ಇಳಿಸಿದಾಗ ಹೊಸ ಬೋರಿನ ಸಣ್ಣ ಹೊಳಪು ಪುಡಿ ಕಂಡಿತು, ಅದು ನಿರೀಕ್ಷಿತ. ಇನ್ನೊಂದು 1,500 ಕಿ.ಮೀ. ಆದ ಮೇಲೆ ಮತ್ತೆ ಇಳಿಸಿದೆ. ಈ ಸಲ ಅದು ಇರಲಿಲ್ಲ. ನಡು ಸ್ಟ್ಯಾಂಡಿಗೆ ಹಾಕಿ ಆಯಿಲ್ ಗಾಜು ನೋಡಿದರೆ ಮಟ್ಟ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಮೈಲೇಜ್ 31 ಇದ್ದದ್ದು 36ಕ್ಕೆ ಏರಿದೆ.

ದಸರಾ ರಜೆಗೆ ಮತ್ತೆ ಕಾರವಾರಕ್ಕೆ ಹೋಗಿ ಬಂದೆವು, ಅದೇ ಅರಬೈಲ್ ಘಟ್ಟದ ಮೇಲೆ. ಗೆಳೆಯನನ್ನು ಬೇಕಂತಲೇ ಹಿಂದೆ ಬರಲು ಹೇಳಿದ್ದೆ. ಹೊಗೆ ಕಾಣಲಿಲ್ಲ ಅಂದ. ಅಂಕೋಲಾ ತನಕ ಒಂದೇ ಸಲ ನಿಲ್ಲಿಸಿದ್ದು, ಅದೂ ಹಸಿವಿಗೆ.

ಇನ್ನೂ ಎರಡು ಕೆಲಸ ಬಾಕಿ ಇವೆ. ಕತ್ತರಿಸಿದ ಗಾಜು 75ರ ಹತ್ತಿರ ಸಣ್ಣಗೆ ಗುಂಯ್ ಅನ್ನುತ್ತದೆ, ಕ್ಲಾಂಪಿನ ಒಳಗೆ ರಬ್ಬರ್ ಪಟ್ಟಿ ಹಾಕಿ ನೋಡಬೇಕು. ಎಡ ಫೋರ್ಕ್ ಸೀಲ್ ಅಂಚಿನಲ್ಲಿ ಆಯಿಲ್ ತೇವ ಕಾಣುತ್ತಿದೆ. ಆಯಿಲ್ ಬದಲಿಸಿದಾಗಲೇ ಸೀಲನ್ನೂ ಬದಲಿಸಬೇಕಿತ್ತು. ಸೀಲ್ ಸೆಟ್ ಬಂದಿದೆ, ಬರುವ ಭಾನುವಾರ ಮುಂದಿನ ಗಾಲಿ ಮತ್ತೆ ಇಳಿಯುತ್ತದೆ.